ಬಿಡುವು ಕೊಟ್ಟ ತೊಟ್ಟಿಲು

"ಮತ್ತೆ ಬಂದರು!" ಎಂದು ಚೆನ್ನಾಜಿ ಕೈಯಲ್ಲಿದ್ದ ಇದ್ದಿಲನ್ನು ನೆಲಕ್ಕೆ ಕುಕ್ಕಿದಳು. "ಬೆಳಗಿನಿಂದ ಇದು ನಾಲ್ಕನೇ ಸಲ. ಒಂದು ಗೆರೆ ಎಳೆಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು. ಹೀಗೆ ನಡುನಡುವೆ ಬಾಯಿ ಹಾಕುತ್ತಿದ್ದರೆ ಈ ಒಲೆ ಮುಗಿಯುವುದು ನನ್ನ ಮೊಮ್ಮಕ್ಕಳ ಮದುವೆಗೆ."

ಚೆನ್ನಾಜಿ ಒಬ್ಬ ಗುರುಗಳ ಶಿಷ್ಯೆ. ಆ ಗುರುಗಳ ಕಮ್ಮಟದಲ್ಲಿ ಮನೆಗೆ, ಹೊಲಕ್ಕೆ ಬೇಕಾದ ಉಪಕರಣಗಳನ್ನು ಮಾಡುವುದನ್ನು ಕಲಿಸುತ್ತಿದ್ದರು. ಪಕ್ಕದಲ್ಲೇ ದಾಸೋಹದ ಮನೆ. ಅಲ್ಲಿ ದಿನಕ್ಕೆ ಮುನ್ನೂರು ಜನರ ಅಡುಗೆ. ಆ ಅಡುಗೆಮನೆಗೆ ಹೊಗೆ ಕಾರದ ಒಲೆಯೊಂದನ್ನು ಮಾಡಿಕೊಡುವ ಕೆಲಸ ಚೆನ್ನಾಜಿಯ ಪಾಲಿಗೆ ಬಂದಿತ್ತು. ಒಲೆಯ ಚಿತ್ರ ನೆಲದ ಮೇಲೆ ಮುಕ್ಕಾಲು ಮುಗಿದಿತ್ತು.

"ಏನಂತೆ ಆ ಅಡುಗೆಯ ಹೆಂಗಸರಿಗೆ?" ಎಂದು ಗುರುಗಳು ಕೇಳಿದರು.

"ಒಬ್ಬಳಿಗೆ ಒಲೆಯ ಬಾಯಿ ಅಗಲ ಬೇಕು. ಇನ್ನೊಬ್ಬಳಿಗೆ ಕಿರಿದು ಬೇಕು. ಮೂರನೆಯವಳಿಗೆ ಒಲೆಯೇ ಬೇಡವಂತೆ, ಕಿಟಕಿ ಸಾಕಂತೆ. ಈಗ ಬಂದವಳು ಏನೂ ಹೇಳಲಿಲ್ಲ. ನಿಂತಳು, ನೋಡಿದಳು, ಹೋದಳು. ನನಗೆ ಅವಳ ಮೇಲೇ ಹೆಚ್ಚು ಸಿಟ್ಟು."

"ನೀನು ಅವರನ್ನು ಮೊದಲು ಕೇಳಿರಲಿಲ್ಲವೇ?"

"ಕೇಳಿದ್ದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಎಲ್ಲರನ್ನೂ ಕೇಳಿದ್ದೆ. ಬರೆದೂ ಇಟ್ಟಿದ್ದೇನೆ. ಕೇಳುವ ಹೊತ್ತು ಮುಗಿಯಿತು, ಇದು ಮಾಡುವ ಹೊತ್ತು. ಗುರುಗಳೇ, ನನಗೆ ಒಂದೇ ಒಂದು ಮಾತು ಹೇಳಿ. ಮಾಡುವವರು ಕೇಳುವುದನ್ನು ಎಲ್ಲಿಗೆ ನಿಲ್ಲಿಸಬಹುದು?"

ಗುರುಗಳು ಉಳಿ ಮಸೆಯುತ್ತಿದ್ದರು. ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ಅವರು ದಣಿದಿದ್ದರು. ಉತ್ತರ ಹೇಳಿ ಹೇಳಿ ಅದಕ್ಕಿಂತ ಹೆಚ್ಚು ದಣಿದಿದ್ದರು. ಉಳಿಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಕೆಲಸ ಬಲ್ಲವನು. ಕೆಲಸ ಬಲ್ಲವರು ಬಹಳ ಜನ ಇರುತ್ತಾರೆ. ಇವನು ಕೇಳುವುದನ್ನೂ ಬಲ್ಲವನಾಗಿದ್ದ. ನೇಗಿಲು ಬೇಕು ಎಂದು ಬಂದವನಿಗೆ ನಿನ್ನ ಎತ್ತು ಎಷ್ಟು ಎತ್ತರ ಎನ್ನುತ್ತಿದ್ದ. ಬಾಗಿಲು ಬೇಕು ಎಂದು ಬಂದವನಿಗೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಉದ್ದ ಯಾರು, ಎಲ್ಲರಿಗಿಂತ ಮುದುಕರು ಯಾರು ಎನ್ನುತ್ತಿದ್ದ. ಕೇಳದೆ ಉಳಿ ಹಿಡಿದವನಲ್ಲ. ಪರೀಕ್ಷೆ ಮಾಡದೆ ಒಂದು ಮಣೆಯನ್ನೂ ಮನೆಯಿಂದ ಆಚೆ ಕಳಿಸಿದವನಲ್ಲ.

ಆ ಊರಿನಲ್ಲಿ ಒಂದು ರೂಢಿ ಇತ್ತು. ಸೊಸೆಯಾದವಳು ಹಿರಿಯರಿರುವ ಮನೆಯಲ್ಲಿ ಕೂರುವಂತಿರಲಿಲ್ಲ. ಜಗಲಿಯ ಮೇಲೂ ಇಲ್ಲ, ಚಾಪೆಯ ಮೇಲೂ ಇಲ್ಲ, ಗೋಡೆಗೆ ಒರಗಿಯಂತೂ ಇಲ್ಲವೇ ಇಲ್ಲ. ಒಲೆಯ ಮುಂದೆ ಕೂರಬಹುದಿತ್ತು, ಬೀಸುವ ಕಲ್ಲಿನ ಮುಂದೆ ಕೂರಬಹುದಿತ್ತು. ಅದನ್ನು ಆ ಊರಿನವರು ಕೂರುವುದು ಎಂದು ಎಣಿಸುತ್ತಿರಲಿಲ್ಲ. ಮಗುವಿಗೆ ಹಾಲು ಕುಡಿಸುವಾಗ ಕೂರಬಹುದಿತ್ತು. ಆದರೆ ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ಕೆಮ್ಮುತ್ತಿದ್ದಳು. ಒಂದೇ ಒಂದು ಕಡೆ ಮಾತ್ರ ಸೊಸೆಯನ್ನು ಯಾರೂ ಏಳು ಎನ್ನುತ್ತಿರಲಿಲ್ಲ. ತೊಟ್ಟಿಲಿನ ಹಗ್ಗ ಕೈಯಲ್ಲಿದ್ದಾಗ ಅವಳು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂರಬಹುದಿತ್ತು. ಅವಳನ್ನು ಎಬ್ಬಿಸಿದರೆ ಮಗು ಏಳುತ್ತದೆ. ಮಗು ಎದ್ದರೆ ಮನೆಯವರ ನಿದ್ದೆ ಹೋಗುತ್ತದೆ. ಆದ್ದರಿಂದ ಬಿಟ್ಟುಬಿಡುತ್ತಿದ್ದರು.

ಈ ರೂಢಿ ಬಡಗಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನೂ ಅದೇ ಊರಿನಲ್ಲಿ ಹುಟ್ಟಿದವನು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಂದು ದಿನ ಒಬ್ಬ ಅತ್ತೆ ಅವನ ಅಂಗಳಕ್ಕೆ ಬಂದಳು.

"ಆಚಾರೀ, ನಮ್ಮ ಮನೆಯಲ್ಲಿ ಕೂಸು ಹುಟ್ಟಿದೆ. ಅದು ಇರುವುದು ಗೇಣುದ್ದ, ಅದನ್ನು ಮಲಗಿಸುವುದಕ್ಕೆ ಒಂದು ಆಳು ದಿನವಿಡೀ ಬೇಕು. ಸೊಸೆ ಹಗ್ಗ ಹಿಡಿದು ಕೂತಳೆಂದರೆ ಏಳುವುದೇ ಇಲ್ಲ. ಅವಳ ಕೈಗೆ ಬಿಡುವಾಗುವ ಹಾಗೆ ಏನಾದರೂ ಮಾಡಿಕೊಡು."

ಬಡಗಿ ಒಂದು ಹಲಗೆಯ ಮೇಲೆ ಬರೆದುಕೊಂಡ: ಕೈಗೆ ಬಿಡುವು.

ಒಬ್ಬರ ಮಾತು ಸಾಲದು ಎಂದು ಅವಳ ಮನೆಗೇ ಹೋದ. ಮಗನನ್ನು ಕೇಳಿದ. "ಅಳು ನಿಂತರೆ ಸಾಕು" ಎಂದು ಮಗ ಹೇಳಿದ. ಮಾವನನ್ನು ಕೇಳಿದ. "ನನ್ನ ಮಂಚಕ್ಕೆ ತಾಗದಿದ್ದರೆ ಸಾಕು" ಎಂದು ಮಾವ ಹೇಳಿದ. ಆಮೇಲೆ ಬಡಗಿ ಸೊಸೆಯನ್ನೂ ಕೇಳಿದ. ಆ ಊರಿನಲ್ಲಿ ಸೊಸೆಯನ್ನು ಕೇಳುವವರು ಕಡಿಮೆ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು.

"ನಿನಗೆ ಎಲ್ಲಿ ನೋಯುತ್ತದೆ ತಂಗೀ?"

"ಬಲಗೈ ರಟ್ಟೆ, ಅಣ್ಣಾ" ಎಂದು ಸೊಸೆ ಬಾಗಿಲ ಮರೆಯಿಂದ ಹೇಳಿದಳು. ಅದು ನಿಜವೂ ಆಗಿತ್ತು.

ಬಡಗಿ ಅದನ್ನೂ ಬರೆದುಕೊಂಡ. ಎಲ್ಲಿ ನೋಯುತ್ತದೆ ಎಂದು ಕೇಳಿದ್ದ. ಎಲ್ಲಿ ನೋಯುವುದಿಲ್ಲ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮನೆಗೆ ಬಂದು ನಾಲ್ಕು ದಾರಿ ಯೋಚಿಸಿದ. ತೊಟ್ಟಿಲಿಗೆ ನೀರು ತೊಟ್ಟಿಕ್ಕುವ ಮಡಕೆ ಕಟ್ಟಬಹುದು. ಆದರೆ ನೆಲವೆಲ್ಲ ಕೆಸರಾಗುತ್ತದೆ. ಮಾಡಿನ ಮೇಲೆ ಗಾಳಿಪಟ್ಟಿ ಕಟ್ಟಿ ಗಾಳಿಯಿಂದ ತೂಗಿಸಬಹುದು. ಗಾಳಿ ನಿಲ್ಲುತ್ತದೆ, ಮಗುವಿನ ಅಳು ನಿಲ್ಲುವುದಿಲ್ಲ. ಹಿತ್ತಿಲಿನ ಎತ್ತಿನ ಕೊರಳಿಗೆ ಹಗ್ಗ ಕಟ್ಟಬಹುದು; ಎತ್ತು ಮೆಲುಕು ಹಾಕಿದಷ್ಟು ಹೊತ್ತು ತೊಟ್ಟಿಲು ಆಡುತ್ತದೆ, ಎದ್ದು ನಡೆದರೆ ಕೂಸು ಹೊಲಕ್ಕೆ ಹೋಗುತ್ತದೆ. ನಾಲ್ಕನೆಯದು ಕಲ್ಲು. ಒಂದು ಕಲ್ಲನ್ನು ಹಗ್ಗದಲ್ಲಿ ತೊಲೆಯವರೆಗೆ ಏರಿಸುವುದು. ಅದು ನಿಧಾನವಾಗಿ ಇಳಿಯುತ್ತ ಹಲ್ಲಿನ ಗಾಲಿಯೊಂದನ್ನು ತಿರುಗಿಸುವುದು. ಪ್ರತಿ ಹಲ್ಲಿಗೂ ಮರದ ಒಂದು ನಾಲಗೆ ತಾಗಿ, ತೊಟ್ಟಿಲನ್ನು ಒಂದು ಸಲ ತಳ್ಳುವುದು. ಕಲ್ಲು ನೆಲ ಮುಟ್ಟುವವರೆಗೆ ತೊಟ್ಟಿಲು ತಾನೇ ತೂಗುವುದು.

ಮೊದಲು ಅಂಗೈಯಗಲದ ತೊಟ್ಟಿಲು ಮಾಡಿ ಅದರಲ್ಲಿ ಬದನೆಕಾಯಿ ಮಲಗಿಸಿದ. ಅದು ತೂಗಿತು. ಆಮೇಲೆ ದೊಡ್ಡದು ಮಾಡಿ, ಕೂಸಿನಷ್ಟೇ ತೂಕದ ರಾಗಿ ಚೀಲವನ್ನು ಮಲಗಿಸಿದ. ಚೀಲ ಉರುಳಿ ಬಿತ್ತು. ಅಂಚನ್ನು ಎತ್ತರಿಸಿದ. ಎರಡು ಸಲ ತೂಗಿ ನಿಂತಿತು. ಗಾಲಿಗೆ ಎಣ್ಣೆ ಹಾಕಿದ. ತೂಗಿತು, ಆದರೆ ಟಕಟಕ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಕೂತಿತು. ನಾಲಗೆಗೆ ಚರ್ಮ ಸುತ್ತಿದ. ಹೀಗೆ ಹನ್ನೊಂದು ಸಲ ಕೆಟ್ಟಿತು. ಹನ್ನೆರಡನೇ ಸಲ ರಾಗಿ ಚೀಲ ಹಾಯಾಗಿ ಮಲಗಿತು.

ತೊಟ್ಟಿಲನ್ನು ಆ ಮನೆಯಲ್ಲಿ ಕಟ್ಟಿದ ದಿನ ಬಡಗಿ ಇನ್ನೂ ಒಂದು ಕೆಲಸ ಮಾಡಿದ. ತೊಟ್ಟಿಲು ಎತ್ತ ಕಡೆ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಿ, ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಗೆರೆ ಎಳೆದ.

"ಇದೇನು, ಗೋಡೆ ಹಾಳು ಮಾಡುತ್ತೀಯಾ?" ಎಂದು ಅತ್ತೆ ಗದರಿಸಿದಳು.

"ಮಗು ಬೆಳೆದ ಹಾಗೆ ಭಾರವಾಗುತ್ತದಮ್ಮ. ಭಾರವಾದ ಹಾಗೆ ತೂಗು ಕಿರಿದಾಗುತ್ತದೆ. ತೊಟ್ಟಿಲು ಈ ಗೆರೆಗಿಂತ ನಾಲ್ಕು ಬೆರಳು ಒಳಗೇ ನಿಂತಾಗ ನನಗೆ ಹೇಳಿ ಕಳಿಸಿ. ದೊಡ್ಡ ಕಲ್ಲು ಹಾಕಿಕೊಡುತ್ತೇನೆ."

ತೊಟ್ಟಿಲು ತೂಗಿತು. ಮಗು ಮಲಗಿತು. ಸೊಸೆ ತನ್ನ ಬಲಗೈಯನ್ನು ಎಡಗೈಯಿಂದ ಒತ್ತಿಕೊಂಡು ನಕ್ಕಳು. ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ಒಂದು ತಿಂಗಳಲ್ಲಿ ಊರಿನ ಇಪ್ಪತ್ತು ಮನೆಗಳಲ್ಲಿ ಕಲ್ಲುಗಳು ಏರಿದವು, ಇಳಿದವು. ಬಡಗಿಯ ಹೆಸರು ಪಕ್ಕದ ಊರಿಗೂ ಹೋಯಿತು.

ಆ ಊರಿನ ಮಾತಿನಲ್ಲಿ ಬಿಡುವು ಎಂಬುದಕ್ಕೆ ಎರಡು ಅರ್ಥ ಇದ್ದವು. ಗಂಡಸಿಗೆ ಬಿಡುವಾದರೆ ಅವನು ಜಗಲಿಯ ಮೇಲೆ ಕೂರುತ್ತಿದ್ದ. ಸೊಸೆಗೆ ಬಿಡುವಾದರೆ ಅವಳನ್ನು ಕರೆಯುತ್ತಿದ್ದರು. "ಬಿಡುವಾಗಿದ್ದೀಯಾ?" ಎಂದು ಒಳಗಿನಿಂದ ಯಾರಾದರೂ ಕೇಳಿದರೆ, ಅದು ಪ್ರಶ್ನೆಯಲ್ಲ, ಕೆಲಸ. ತೊಟ್ಟಿಲು ಬಂದ ಮಾರನೆಯ ದಿನ ಅತ್ತೆ ಕೇಳಿದಳು: ಬಿಡುವಾಗಿದ್ದೀಯಾ, ನಾಲ್ಕು ಕೊಡ ನೀರು ತಾ. ಅದರ ಮಾರನೆಯ ದಿನ ಮಾವ ಕೇಳಿದ: ಬಿಡುವಾಗಿದ್ದೀಯಾ, ಕೊಟ್ಟಿಗೆ ಗುಡಿಸು. ವಾರ ಕಳೆಯುವಷ್ಟರಲ್ಲಿ ಅವಳ ಬಿಡುವನ್ನೆಲ್ಲ ಮನೆಯವರು ಹಂಚಿಕೊಂಡಿದ್ದರು. ಮೊದಲು ಹೊರಗಿನ ಆಳು ಕುಟ್ಟಿ ಕೊಡುತ್ತಿದ್ದ ಭತ್ತವೂ ಈಗ ಅವಳ ಒನಕೆಗೆ ಬಂತು. ಯಾರೂ ಕೆಟ್ಟವರಲ್ಲ. ಖಾಲಿ ಕೈ ಕಂಡರೆ ಅದರಲ್ಲಿ ಏನಾದರೂ ಇಡುವುದು ಅವರಿಗೆ ಅಭ್ಯಾಸ, ಅಷ್ಟೇ.

ಎರಡನೇ ತಿಂಗಳಿನಲ್ಲಿ ಆ ಮನೆಯ ತೊಟ್ಟಿಲು ಕೆಟ್ಟಿತು. ಮರದ ನಾಲಗೆ ಮುರಿದಿತ್ತು. ಬಡಗಿ ಹೋಗಿ ಹೊಸ ನಾಲಗೆ ಹಾಕಿದ. ಐದು ದಿನಕ್ಕೆ ಅದೂ ಮುರಿಯಿತು. ಹಲಸಿನ ಮರ ಮೆದುವಾಯಿತು ಎಂದು ತೇಗದ ನಾಲಗೆ ಮಾಡಿದ. ಅದೂ ಮುರಿಯಿತು. ಜಾಲಿ ಮರದ್ದು ಮಾಡಿದ. ಅದು ಹತ್ತು ದಿನ ಬಂತು. ಅಷ್ಟರಲ್ಲಿ ಬೇರೆ ಮನೆಗಳಿಂದಲೂ ಹೇಳಿ ಕಳಿಸತೊಡಗಿದರು. ಎಲ್ಲ ಮನೆಗಳಲ್ಲೂ ಮುರಿಯುತ್ತಿದ್ದುದು ನಾಲಗೆಯೇ. ಗಾಲಿಗೆ ಏನೂ ಆಗಿರಲಿಲ್ಲ. ಹಗ್ಗಕ್ಕೆ ಏನೂ ಆಗಿರಲಿಲ್ಲ.

ಬಡಗಿಗೆ ಅವಮಾನವಾಯಿತು. ಅವನ ಕೈಯಿಂದ ಬಂದದ್ದು ಯಾವುದೂ ಹೀಗೆ ಮರಳಿ ಬಂದಿರಲಿಲ್ಲ. ಮುರಿದ ನಾಲಗೆಗಳನ್ನೆಲ್ಲ ತಂದು ಹಲಗೆಯ ಮೇಲೆ ಸಾಲಾಗಿ ಇಟ್ಟ. ಇಪ್ಪತ್ತಾರು ಇದ್ದವು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಸವೆದು ಮುರಿದ ಮರದ ಅಂಚು ಬೇರೆ ಥರ ಇರುತ್ತದೆ. ಭಾರಕ್ಕೆ ಸೀಳಿದ ಮರದ ಅಂಚು ಬೇರೆ ಥರ. ಇವುಗಳ ತಲೆಯ ಮೇಲೆ ಜಜ್ಜಿದ ಗುರುತಿತ್ತು. ಒಂದರ ಚರ್ಮದಲ್ಲಿ ಅಕ್ಕಿಯ ತೌಡು ಅಂಟಿತ್ತು. ಒನಕೆಯಿಂದ ಬಿದ್ದ ಏಟು ಅದು.

"ಯಾರು ಮುರಿದರು?" ಎಂದು ಚೆನ್ನಾಜಿ ಕೇಳಿದಳು. "ಆ ಸೊಸೆಯೇ?"

"ಈಗ ನಡುವೆ ಬಾಯಿ ಹಾಕಿದವರು ಯಾರು?" ಎಂದರು ಗುರುಗಳು.  ಅವರು ಮುಂದುವರಿಸಿದರು.

ಬಡಗಿ ಮೊದಲ ಮನೆಗೆ ಹೋದ. ಈ ಸಲ ಕೈಯಲ್ಲಿ ಸಾಮಾನಿನ ಚೀಲ ಇರಲಿಲ್ಲ. ಅತ್ತೆ ಹೊಲದ ಕಡೆ ಹೋಗಿದ್ದಳು. ತೊಟ್ಟಿಲು ಅವತ್ತು ಸರಿಯಾಗಿಯೇ ತೂಗುತ್ತಿತ್ತು. ಸೊಸೆ ಅದರ ಪಕ್ಕದಲ್ಲಿ ನಿಂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಅವಳ ಕಣ್ಣು ಒಳಗೆ ಹೋಗಿತ್ತು. ಬಡಗಿ ಅವಳನ್ನು ನೋಡಲಿಲ್ಲ. ಅವನು ಮಾಡುವವನು, ಮೊದಲು ತಾನು ಮಾಡಿದ್ದನ್ನು ನೋಡಿದ. ಆಮೇಲೆ ಗೋಡೆಯನ್ನು ನೋಡಿದ.

ತೊಟ್ಟಿಲು ಅತ್ತ ಹೋಗಿ ಇದ್ದಿಲಿನ ಗೆರೆಯನ್ನು ಮುಟ್ಟಿತು. ಇತ್ತ ಬಂದು ಇನ್ನೊಂದು ಗೆರೆಯನ್ನು ಮುಟ್ಟಿತು. ಕಟ್ಟಿದ ದಿನ ಮುಟ್ಟಿದ ಹಾಗೆಯೇ.

ಮೂರು ತಿಂಗಳಾಗಿತ್ತು. ತೂಗು ನಾಲ್ಕು ಬೆರಳು ಒಳಗೆ ಬರಬೇಕಿತ್ತು. ಒಂದು ಬೆರಳೂ ಬಂದಿರಲಿಲ್ಲ. ಕಲ್ಲು ಅದೇ. ಹಗ್ಗ ಅದೇ. ಗಾಲಿ ಅದೇ. ಬೆಳೆಯಬೇಕಾದದ್ದು ಒಂದೇ ಇತ್ತು, ಅದು ಬೆಳೆದಿರಲಿಲ್ಲ.

ಬಡಗಿ ತೊಟ್ಟಿಲಿನ ಒಳಗೆ ಬಗ್ಗಿ ನೋಡಿದ. ಮಗುವಿನ ಕೆನ್ನೆ ಇಳಿದಿತ್ತು. ಹಸಿವಾದಾಗ ಅದು ಅಳುವುದಕ್ಕೆ ಬಾಯಿ ತೆರೆಯುತ್ತಿತ್ತು. ತೊಟ್ಟಿಲು ಅಷ್ಟು ಚೆನ್ನಾಗಿ ತೂಗುತ್ತಿತ್ತು, ಅಳು ಬರುವ ಮೊದಲೇ ಮತ್ತೆ ನಿದ್ದೆ ಬರುತ್ತಿತ್ತು. ಅಳು ನಿಂತಿತ್ತು. ಮಗ ಕೇಳಿದ್ದೂ ಅದನ್ನೇ.

"ಮಗುವಿಗೆ ಹಾಲು ಸಾಲುತ್ತಿಲ್ಲವೇ ತಂಗೀ?"

"ಎಲ್ಲಿಂದ ಬರಬೇಕು ಅಣ್ಣಾ? ಬೆಳಗಿನಿಂದ ನೆಲಕ್ಕೆ ಬೆನ್ನು ತಾಗಿಲ್ಲ, ಗೋಡೆಗೂ ತಾಗಿಲ್ಲ."

"ನಿನ್ನ ಕೈಗೆ ಬಿಡುವಾಗಲಿ ಎಂದೇ ಇದನ್ನು ಮಾಡಿದ್ದು."

"ಬಿಡುವಾಗಿದೆಯಲ್ಲ" ಎಂದಳು ಸೊಸೆ. ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ. "ಅದಕ್ಕೇ ನಿಂತಿದ್ದೇನೆ."

ಬಡಗಿ ಮೊದಲ ಸಲ ಅವಳ ಕಾಲನ್ನು ನೋಡಿದ. ಪಾದ ಊದಿತ್ತು. ಕಾಲುಂಗುರ ಬೆರಳಿನ ಒಳಗೆ ಹೂತಿತ್ತು.

"ನಾಲಗೆ ಮುರಿದದ್ದು ನೀನೇ?"

"ನಮ್ಮ ಮನೆಯದು ಮಾತ್ರ ನಾನು" ಎಂದಳು. "ಬೇರೆ ಮನೆಯವರದು ಅವರವರೇ. ನಾವೇನೂ ಮಾತಾಡಿಕೊಂಡಿಲ್ಲ. ಬಾವಿಯ ಹತ್ತಿರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅಷ್ಟೇ. ಅದು ಮುರಿದ ದಿನ ನೀವು ಬರುವವರೆಗೆ ಹಗ್ಗ ನಮ್ಮ ಕೈಗೆ ಬರುತ್ತದೆ. ನೀವು ಬಹಳ ಬೇಗ ಬರುತ್ತೀರಿ, ಅಣ್ಣಾ. ಅದೊಂದೇ ಕಷ್ಟ."

ಬಡಗಿ ಅತ್ತೆಯೊಡನೆಯೇ ಮಾತಾಡಬೇಕೆಂದುಕೊಂಡ. ಹೊಸ್ತಿಲಲ್ಲಿ ಕಾದು ನಿಂತ. ಅತ್ತೆ ಬಂದ ಮೇಲೆ ಅವಳಿಗೆ ನೇರವಾಗಿ ಹೇಳಿದ: "ಸೊಸೆ ದಿನಕ್ಕೆ ಸ್ವಲ್ಪ ಹೊತ್ತು ಕೂರಲಿ, ಅಮ್ಮ. ಮಗು ಸೊರಗಿದೆ."

"ನೀನು ಆಚಾರಿ" ಎಂದಳು ಅತ್ತೆ. "ತೊಟ್ಟಿಲು ನೋಡಿಕೋ. ಮನೆ ನಾನು ನೋಡಿಕೊಳ್ಳುತ್ತೇನೆ. ನಾನು ಎಂಟು ಮಕ್ಕಳನ್ನು ನಿಂತೇ ಸಾಕಿದವಳು."

ಬಡಗಿ ತನ್ನ ಮನೆಗೆ ಬಂದ. ಬರೆದಿಟ್ಟ ಹಲಗೆಯನ್ನು ತೆಗೆದು ನೋಡಿದ. ಕೈಗೆ ಬಿಡುವು ಎಂದಿತ್ತು. ಅಕ್ಷರ ಅಳಿಸಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿಕೊಟ್ಟಿದ್ದ. ಎಲ್ಲಿ ತಪ್ಪಿದೆ ಎಂದು ಹುಡುಕಿದರೆ ತೊಟ್ಟಿಲಿನಲ್ಲಿ ತಪ್ಪು ಸಿಗಲಿಲ್ಲ. ಹಳೆಯ ತೊಟ್ಟಿಲನ್ನೇ ಮರಳಿ ಕೊಡೋಣವೆಂದರೆ ಯಾವ ಅತ್ತೆಯೂ ಒಪ್ಪುವುದಿಲ್ಲ. ತಾನೇ ತೂಗುವುದನ್ನು ಕಂಡ ಮೇಲೆ ಕೈಯಿಂದ ತೂಗುವುದು ಯಾರಿಗೆ ಬೇಕು? ನಾಲಗೆಯನ್ನು ಸುಲಭವಾಗಿ ಮುರಿಯುವ ಹಾಗೆ ಮಾಡಿದರೆ, ಬೇರೆ ಬಡಗಿಯನ್ನು ಕರೆಯುತ್ತಾರೆ. ಮೂರು ದಿನ ಅವನು ಉಳಿ ಮುಟ್ಟಲಿಲ್ಲ. ಅವನಿಗೆ ಅಷ್ಟು ದಣಿವು ಯಾವತ್ತೂ ಆಗಿರಲಿಲ್ಲ.

ನಾಲ್ಕನೇ ದಿನ ಎದ್ದು ಕಬ್ಬಿಣದ ನಾಲಗೆ ಮಾಡಿಸಿದ. ಇನ್ನು ಒನಕೆಗೆ ಅದು ಜಗ್ಗುವುದಿಲ್ಲ. ಕಲ್ಲು ತೊಲೆಯವರೆಗೆ ಏರದೆ ಅರ್ಧಕ್ಕೇ ನಿಲ್ಲುವ ಹಾಗೆ ಮಾಡಿದ. ಕಲ್ಲು ಬೇಗ ನೆಲ ಮುಟ್ಟಲಿ, ಮಗು ಹಸಿವಿಗೆ ಎದ್ದು ಅಳಲಿ ಎಂದು. ಕೊನೆಗೆ ಹೊಸದೊಂದು ಹಗ್ಗ ತಂದ. ಅದರ ಒಂದು ತುದಿಯನ್ನು ಗಾಲಿಯ ಪೆಟ್ಟಿಗೆಯ ಒಳಗೆ ಒಂದು ಗೂಟಕ್ಕೆ ಬಿಗಿದ. ಆ ಗೂಟಕ್ಕೂ ತೊಟ್ಟಿಲಿಗೂ ಸಂಬಂಧವಿರಲಿಲ್ಲ. ಆ ಹಗ್ಗವನ್ನು ಎಳೆದರೂ ಏನೂ ಆಗುತ್ತಿರಲಿಲ್ಲ, ಬಿಟ್ಟರೂ ಏನೂ ಆಗುತ್ತಿರಲಿಲ್ಲ. ಪೆಟ್ಟಿಗೆಗೆ ಮುಚ್ಚಳ ಹೊಡೆದು, ಹಗ್ಗದ ಇನ್ನೊಂದು ತುದಿಯನ್ನು ಗೋಡೆಯ ಕಡೆಗೆ ಇಳಿಬಿಟ್ಟ.

ಅತ್ತೆಯನ್ನು ಕರೆದು ಹೇಳಿದ.

"ಇನ್ನು ಇದು ಮುರಿಯುವುದಿಲ್ಲ, ಅಮ್ಮ. ಕಬ್ಬಿಣ ಹಾಕಿದ್ದೇನೆ. ಆದರೆ ಕಬ್ಬಿಣಕ್ಕೆ ಮೊಂಡುತನ ಜಾಸ್ತಿ. ತೊಟ್ಟಿಲು ತೂಗುವಷ್ಟು ಹೊತ್ತೂ ಈ ಹಗ್ಗವನ್ನು ಯಾರಾದರೂ ಹಿಡಿದಿರಬೇಕು. ಬಿಟ್ಟರೆ ತೊಟ್ಟಿಲು ಓರೆಯಾಗುತ್ತದೆ."

"ಯಾರಾದರೂ ಎಂದರೆ?"

"ಹೆತ್ತವಳೇ ಆಗಬೇಕು. ಮಗುವಿನ ಭಾರ ಅವಳ ಕೈಗೇ ಗೊತ್ತು. ನಿಂತು ಹಿಡಿದರೆ ಕೈ ಅಲುಗುತ್ತದೆ, ಕೂತೇ ಹಿಡಿಯಬೇಕು. ಬೆನ್ನು ಗೋಡೆಗೆ ತಾಗಿರಬೇಕು. ಕಾಲು ಚಾಚಿರಬೇಕು. ನಡುವೆ ಮಾತಾಡಿಸಬಾರದು."

ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಿಂದೆ ಇದೆಲ್ಲ ಇರಲಿಲ್ಲವಲ್ಲ?"

"ಹಿಂದೆ ಮುರಿಯುತ್ತಿತ್ತಲ್ಲ?"

ಅತ್ತೆಗೆ ಅದು ಸರಿ ಅನ್ನಿಸಿತು. ಕಬ್ಬಿಣದ ವಿಷಯ ಯಾರಿಗೆ ಗೊತ್ತು?

ಸೊಸೆ ಹಗ್ಗ ಹಿಡಿದು ಕೂತಳು. ಹಿಡಿದ ಕೂಡಲೇ ಅವಳಿಗೆ ತಿಳಿಯಿತು. ತಲೆಯೆತ್ತಿ ಬಡಗಿಯನ್ನು ನೋಡಿದಳು. ಬಡಗಿ ಸಾಮಾನು ಕಟ್ಟಿಕೊಳ್ಳುತ್ತಿದ್ದ. ಅವಳು ಬೆನ್ನನ್ನು ಗೋಡೆಗೆ ಕೊಟ್ಟಳು. ಕಾಲು ಚಾಚಿದಳು. ಕಲ್ಲು ಅರ್ಧ ಇಳಿಯುವಷ್ಟರಲ್ಲಿ ಹಗ್ಗ ಕೈಯಲ್ಲಿರುವಾಗಲೇ ನಿದ್ದೆ ಹೋದಳು. ಕಲ್ಲು ನೆಲ ಮುಟ್ಟಿತು. ಮಗು ಅತ್ತಿತು. ಎದ್ದು ಹಾಲು ಕುಡಿಸಿದಳು.

ಬಡಗಿ ಇಪ್ಪತ್ತು ಮನೆಗೂ ಹೋಗಿ ಹಾಗೆಯೇ ಮಾಡಿದ. ಇಪ್ಪತ್ತು ಮನೆಗಳಲ್ಲೂ ಏನನ್ನೂ ತೂಗದ ಹಗ್ಗ ಹಿಡಿದು ಇಪ್ಪತ್ತು ಸೊಸೆಯರು ಕೂತರು. ಒಬ್ಬಳೂ ಬಾಯಿ ಬಿಡಲಿಲ್ಲ. ನಾಲಗೆಗಳು ಮುರಿಯುವುದು ನಿಂತಿತು.

ಎರಡು ತಿಂಗಳು ಕಳೆಯಿತು. ಒಂದು ದಿನ ಸೊಸೆ ನೀರಿಗೆ ಹೋಗಿದ್ದಾಗ ಮಗು ಎದ್ದಿತು. ಅತ್ತೆ ಕಲ್ಲನ್ನು ಏರಿಸಿ, ತಾನೇ ಹಗ್ಗ ಹಿಡಿದು ಕೂತಳು. ಎಂಟು ಮಕ್ಕಳನ್ನು ತೂಗಿದ ಕೈ ಅದು. ಹಗ್ಗದ ತುದಿಯಲ್ಲಿ ಮಗು ಇದ್ದರೆ ಹೇಗಿರುತ್ತದೆ ಎಂದು ಆ ಕೈಗೆ ಗೊತ್ತಿತ್ತು. ಇದರ ತುದಿಯಲ್ಲಿ ಏನೂ ಇರಲಿಲ್ಲ. ಅವಳು ಒಂದು ಸಲ ಎಳೆದಳು. ಒಂದು ಸಲ ಸಡಿಲ ಬಿಟ್ಟಳು. ತೊಟ್ಟಿಲು ತನ್ನ ಪಾಡಿಗೆ ತಾನು ತೂಗುತ್ತಿತ್ತು. ಓರೆಯಾಗಲಿಲ್ಲ.

ಅತ್ತೆ ಹಗ್ಗವನ್ನು ಕೆಳಗಿಡಲಿಲ್ಲ. ನಿಧಾನವಾಗಿ ಬೆನ್ನನ್ನು ಗೋಡೆಗೆ ಕೊಟ್ಟಳು. ಕಾಲು ಚಾಚಿದಳು. ಅವಳ ಮೊಣಕಾಲು ಲಟಕ್ಕೆಂದಿತು. ಸೊಸೆ ಕೊಡ ಹೊತ್ತು ಬಾಗಿಲಿಗೆ ಬಂದು, ಅತ್ತೆಯ ಕೈಯಲ್ಲಿ ಹಗ್ಗ ಕಂಡು ಹೆದರಿ ನಿಂತುಬಿಟ್ಟಳು. ನೀರು ತುಳುಕಿ ಅವಳ ಭುಜ ಒದ್ದೆಯಾಯಿತು.

ಅತ್ತೆ ಎದ್ದಳು. ಹಗ್ಗವನ್ನು ಸೊಸೆಯ ಕೈಗೆ ಕೊಟ್ಟಳು.

"ಬಿಗಿಯಾಗಿ ಹಿಡಿ" ಎಂದಳು. "ಬಿಟ್ಟರೆ ಓರೆಯಾದೀತು."

ಆಮೇಲೆ ಆ ಮನೆಯಲ್ಲಿ ತೊಟ್ಟಿಲಿನ ಮಾತು ಯಾರೂ ಎತ್ತಲಿಲ್ಲ. ಮುಂದಿನ ಸಲ ಬಡಗಿ ಬಂದಾಗ ತೂಗು ಗೆರೆಗಿಂತ ಐದು ಬೆರಳು ಒಳಗೆ ಬಂದಿತ್ತು. ಅವನು ಸಂತೋಷದಿಂದ ದೊಡ್ಡ ಕಲ್ಲು ಹಾಕಿಕೊಟ್ಟ.

ಗುರುಗಳು ಕತೆ ಮುಗಿಸಿ ಉಳಿಯನ್ನು ಮತ್ತೆ ಕೈಗೆತ್ತಿಕೊಂಡರು.

ಚೆನ್ನಾಜಿ ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

"ಹಾಗಾದರೆ ಬಡಗಿ ಗೆದ್ದ. ಮೊದಲು ಅರ್ಧ ಕೇಳಿ ಕೆಡಿಸಿದ, ಆಮೇಲೆ ಪೂರ್ತಿ ಕೇಳಿ ಸರಿಮಾಡಿದ. ಮಗು ಉಳಿಯಿತು, ಸೊಸೆಗೆ ಕೂರಲು ಸಿಕ್ಕಿತು, ಅತ್ತೆಯೂ ಬಾಯಿ ಮುಚ್ಚಿಕೊಂಡಳು. ಅವನ ಕೆಲಸ ಅಲ್ಲಿಗೆ ಮುಗಿಯಿತು. ಕೇಳುವುದನ್ನು ಅಲ್ಲಿಗೆ ನಿಲ್ಲಿಸಬಹುದು ಎಂದಾಯಿತು, ಅಲ್ಲವೇ ಗುರುಗಳೇ?"

 ಗುರುಗಳು ಕೇಳಿದ್ದು ಒಂದೇ ಮಾತು. 

"ಮಗು ನಡೆಯಲು ಕಲಿತು, ತೊಟ್ಟಿಲು ಅಟ್ಟ ಸೇರಿದ ಮೇಲೆ, ಆ ಸೊಸೆ ಎಲ್ಲಿ ಕೂತಳು?"